ಬೆನ್ನ ಹಿಂದಿನ ಬಲ: ಜಹೀರಾಬಾದಿನ ಹಾದಿಯಿಂದ ಮಿನ್ಸ್ಕ್‌ವರೆಗೆ

1948ರ ಸೆಪ್ಟೆಂಬರ್ 16ರ ನಸುಕಿನಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನದ ವಿರುದ್ಧದ ಪೊಲೀಸ್ ಕಾರ್ಯಾಚರಣೆಯ ಅಂಗವಾಗಿ, ಭಾರತೀಯ ಸೇನೆಯ ಒಂದು ತುಕಡಿ ಸೋಲಾಪುರ–ಹೈದರಾಬಾದ್ ರಸ್ತೆ ಹಿಡಿದು ಜಹೀರಾಬಾದಿನತ್ತ ಹೊರಟಿತು. ದಾರಿಯಲ್ಲಿ ನೆಲಬಾಂಬುಗಳನ್ನು ಹುಗಿದಿದ್ದರು. ಅವನ್ನು ತೆಗೆದು ಮುಂದೆ ಸಾಗುವಷ್ಟರಲ್ಲಿ ಹೊತ್ತೇರಿತು. ಬೀದರಿನ ರಸ್ತೆ ಬಂದು ಕೂಡುವ ಕಡೆ ಹೊಂಚು ಹಾಕಿದ್ದವರು ಗುಂಡು ಹಾರಿಸಿದರು. ಅವರನ್ನು ಎದುರಿಸಲು ಕೆಲವರನ್ನು ಅಲ್ಲೇ ಬಿಟ್ಟು ಉಳಿದವರು ನಡೆದರು. ಕತ್ತಲಾಗುವ ಹೊತ್ತಿಗೆ ಸೇನೆ ಜಹೀರಾಬಾದನ್ನು ದಾಟಿ ಹದಿನೈದು ಕಿಲೋಮೀಟರ್ ಹೋಗಿತ್ತು.

ಅದೇ ದಿನ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸಭೆ ಸೇರಿತ್ತು. ಭಾರತದ ವಿರುದ್ಧ ನಿಜಾಮರ ಸರ್ಕಾರ ಕೊಟ್ಟ ದೂರನ್ನು ಚರ್ಚೆಗೆ ಎತ್ತಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಎಂಟು ದೇಶಗಳು ಹೌದು ಎಂದವು, ಬೇಡ ಎಂದವರು ಯಾರೂ ಇಲ್ಲ, ಮೂರು ದೇಶಗಳು ತಟಸ್ಥ. ಆ ಮೂರು: ಚೀನಾ, ಸೋವಿಯತ್ ಒಕ್ಕೂಟ, ಉಕ್ರೇನ್. ಉಕ್ರೇನಿಗೆ ಆಗ ಮಂಡಳಿಯಲ್ಲಿ ಸ್ವಂತ ಆಸನವಿತ್ತು, ಸ್ವಂತ ಮತವಿತ್ತು. ಆದರೆ ಮಾಸ್ಕೋ ಏನು ಹೇಳಿತೋ ಅದೇ ಅದರ ಮತ. ಇಂದು ಅದೇ ಉಕ್ರೇನು ಆ ಹಿಡಿತದಿಂದ ಹೊರಗುಳಿಯಲು ಯುದ್ಧ ಮಾಡುತ್ತಿದೆ. ಕಮ್ಯುನಿಸ್ಟ್ ಆಡಳಿತ ಮುಗಿದ ನಾಡುಗಳಲ್ಲಿ ದೊಡ್ಡ ರಾಷ್ಟ್ರದ ಪ್ರಭಾವವೂ ಏಕವ್ಯಕ್ತಿಯ ಆಳ್ವಿಕೆಯೂ ಹೇಗೆ ಒಂದನ್ನೊಂದು ಪೋಷಿಸುತ್ತವೆ ಎಂಬ ಚರ್ಚೆ ಜಗತ್ತಿನಲ್ಲೆಲ್ಲ ನಡೆದಿದೆ. ಜಹೀರಾಬಾದ, ನಾರಾಯಣಖೇಡ, ತಾಂಡೂರಿನ ಜನರಿಗೆ ಇದು ದೂರದ ಸಂಗತಿಯಲ್ಲ. ಅವರ ಅಜ್ಜಂದಿರು ಇಂಥ ಆಳ್ವಿಕೆಯಲ್ಲೇ ಹುಟ್ಟಿ ಬೆಳೆದವರು.

ನಿಜಾಮರ ಸಂಸ್ಥಾನ ಇಂಗ್ಲಿಷರ ನೆರಳಿಗೆ ಬಂದದ್ದು 1798ರ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಿಂದ. ಫ್ರೆಂಚ್ ಅಧಿಕಾರಿಗಳ ಕೈಕೆಳಗಿದ್ದ ದಂಡನ್ನು ವಿಸರ್ಜಿಸಬೇಕು, ಕಂಪನಿಯ ಪಲಟಣಗಳನ್ನು ಇಟ್ಟುಕೊಳ್ಳಬೇಕು, ಅವುಗಳ ಖರ್ಚನ್ನು ನಿಜಾಮರೇ ಹೊರಬೇಕು. ಆ ಖರ್ಚಿಗೆಂದು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪದ ಸೀಮೆ ಕೈಬಿಟ್ಟಿತು. 1853ರಲ್ಲಿ ಬೇರಾರೂ ಹೋಯಿತು. ಪ್ರತಿಯಾಗಿ ಆಸಫಜಾಹಿ ಮನೆತನಕ್ಕೆ ಗಾದಿಯ ಭದ್ರತೆ ಸಿಕ್ಕಿತು. ಪ್ರಜೆಗಳ ಪಾಲಿಗೆ ಇದರ ಪರಿಣಾಮ ಘೋರವಾಗಿತ್ತು: ಅವರ ಒಪ್ಪಿಗೆ ಕೇಳುವ ಅಗತ್ಯವೇ ದೊರೆಗೆ ಉಳಿಯಲಿಲ್ಲ. ಹೊರಗಿನ ಶಕ್ತಿ ನಿರಂಕುಶ ಆಳ್ವಿಕೆಯನ್ನು ತಾನೇ ಹುಟ್ಟಿಸಬೇಕಿಲ್ಲ. ಜನರ ಮುಂದೆ ಲೆಕ್ಕ ಒಪ್ಪಿಸುವ ಹೊಣೆಯಿಂದ ಅದನ್ನು ಪಾರುಮಾಡಿದರೆ ಸಾಕು.

ತಾಂಡೂರಿನ ರೈಲುಹಳಿ ಇದಕ್ಕೆ ಕಣ್ಣೆದುರಿನ ಸಾಕ್ಷಿ. ತೊಗರಿಯನ್ನೂ ಹಾಸುಗಲ್ಲನ್ನೂ ಹೊತ್ತು ಇಂದಿಗೂ ಗೂಡ್ಸ್ ಗಾಡಿಗಳು ಓಡುವ ವಾಡಿ–ಸಿಕಂದರಾಬಾದ್ ಮಾರ್ಗ 1874ರಲ್ಲಿ ತೆರೆಯಿತು. ಸಿಕಂದರಾಬಾದಿನ ದಂಡಿನ ಪ್ರದೇಶವನ್ನು ಮುಂಬೈ–ಮದರಾಸು ಹಳಿಗೆ ಜೋಡಿಸಬೇಕೆಂಬ ಒತ್ತಾಯ ಇಂಗ್ಲಿಷರದು, ಹಣ ನಿಜಾಮರದು. 1883ರಲ್ಲಿ ಈ ರೈಲ್ವೆ ಲಂಡನ್ನಿನ ಒಂದು ಕಂಪನಿಯ ಕೈಗೆ ಹೋಯಿತು. ಆ ಕಂಪನಿಯ ಷೇರುದಾರರಿಗೆ ಬಡ್ಡಿಯ ಖಾತರಿ ಕೊಟ್ಟದ್ದು ಹೈದರಾಬಾದಿನ ಖಜಾನೆ. ರೈತ ಕಟ್ಟಿದ ಕಂದಾಯದಿಂದ ಲಂಡನ್ನಿನವರಿಗೆ ಬಡ್ಡಿ ಸಂದಾಯವಾಗುತ್ತಿತ್ತು. ಸಂಸ್ಥಾನ ಈ ರೈಲ್ವೆಯನ್ನು ಮರಳಿ ಕೊಂಡದ್ದು 1930ರಲ್ಲಿ. ಇಂಥದೇ ಲೆಕ್ಕ ನಮ್ಮ ಕಾಲದಲ್ಲೂ ಉಂಟು: ಯುಗೋಸ್ಲಾವಿಯಾ ಒಡೆದು ಉಳಿದ ಪುಟ್ಟ ದೇಶ ಮಾಂಟೆನೆಗ್ರೊದಲ್ಲಿ ಒಬ್ಬ ನಾಯಕನ ಪಕ್ಷವೇ ಮೂರು ದಶಕ ಅಧಿಕಾರದಲ್ಲಿತ್ತು. 2014ರಲ್ಲಿ ಆ ದೇಶ ಚೀನಾದ ಎಕ್ಸಿಮ್ ಬ್ಯಾಂಕಿನಿಂದ ಸುಮಾರು 94 ಕೋಟಿ ಡಾಲರ್ ಸಾಲ ತೆಗೆದು ಹೆದ್ದಾರಿ ಕಟ್ಟಿಸಿತು. ಆದದ್ದು 41 ಕಿಲೋಮೀಟರಿನ ಒಂದು ತುಂಡು. ಸಾಲದ ಹೊರೆ ಮಾತ್ರ ಸರ್ಕಾರ ಬದಲಾದ ಮೇಲೂ ಜನರ ತಲೆಯ ಮೇಲೇ ಉಳಿಯಿತು.

ಆಶ್ರಯದಲ್ಲಿರುವ ದೊರೆ ತಲೆಯೆತ್ತಿದರೆ ಏನಾಗುತ್ತದೆ ಎಂಬುದನ್ನು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಂಡುಂಡರು. ಬೇರಾರನ್ನು ಮರಳಿ ಕೇಳುತ್ತ ಸಮಾನರಂತೆ ಮಾತಾಡಿದ್ದಕ್ಕೆ ವೈಸರಾಯ್ ರೀಡಿಂಗ್ 1926ರ ಮಾರ್ಚ್‌ನಲ್ಲಿ ಪತ್ರ ಬರೆದು, ಭಾರತದಲ್ಲಿ ಬ್ರಿಟಿಷ್ ಪ್ರಭುತ್ವವೇ ಸರ್ವೋಚ್ಚ, ಯಾವ ಸಂಸ್ಥಾನಿಕನೂ ಅದರೊಡನೆ ಸರಿಸಮನಾಗಿ ಕೂರಲಾರ ಎಂದು ತಿಳಿಸಿದರು. ಸೋವಿಯತ್ ಟ್ಯಾಂಕುಗಳು 1968ರಲ್ಲಿ ಪ್ರಾಗ್ ನಗರಕ್ಕೆ ನುಗ್ಗಿದ ಮೇಲೆ ಬ್ರೆಜ್ನೆವ್ ಪೂರ್ವ ಯುರೋಪಿಗೆ ಕೊಟ್ಟ ಎಚ್ಚರಿಕೆಯ ತಿರುಳೂ ಇದೇ.

ಮೇಲಿನವರ ಮುಂದೆ ಬಾಗಿದ ಆಡಳಿತ ಕೆಳಗಿನವರ ಮೇಲೆ ಬಿಗಿಯಾಗಿತ್ತು. ಸಭೆ ಸೇರಲು ಮುಂಗಡ ಪರವಾನಗಿ ಬೇಕೆಂಬ ಗಸ್ತಿ ಆದೇಶ ಜಾರಿಯಲ್ಲಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಅದು ಸ್ಥಾಪನೆಯಾಗುವ ಮೊದಲೇ ನಿಷೇಧಿಸಿದರು. ಕನ್ನಡ, ತೆಲುಗು, ಮರಾಠಿ ಆಡುವ ಬಹುಸಂಖ್ಯಾತರ ನಾಡಿನಲ್ಲಿ 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಸಾಹಸ ಮೆಚ್ಚತಕ್ಕದ್ದೇ. ಆದರೆ ನಾರಾಯಣಖೇಡದ ಕನ್ನಡದ ಹುಡುಗನಿಗೆ ಕಚೇರಿಯೂ ಕಾಲೇಜೂ ಪರಭಾಷೆಯದಾಗಿಯೇ ಉಳಿದವು. ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಬೆಲಾರೂಸ್‌ನಲ್ಲೂ ನುಡಿಯ ಪಾಡು ಇಂಥದೇ: 1994ರಲ್ಲಿ ಅಧ್ಯಕ್ಷರಾಗಿ ಗೆದ್ದು ಬಂದ ಲುಕಾಶೆಂಕೊ ಮರುವರ್ಷವೇ ಜನಮತಗಣನೆ ನಡೆಸಿ ರಷ್ಯನ್ ಭಾಷೆಗೆ ಬೆಲರೂಸಿಯನ್ ಜೊತೆ ಸಮಾನ ಸ್ಥಾನ ಕೊಡಿಸಿದರು. ಅಲ್ಲಿಂದೀಚೆಗೆ ಶಾಲೆ, ಕಚೇರಿಗಳಲ್ಲಿ ನಾಡನುಡಿ ಮೂಲೆಗೆ ಸರಿಯುತ್ತಲೇ ಇದೆ.

ನಿಜಾಮರ ಸೀಮೆಯ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ 1928ರಲ್ಲಿ ಕಲಬುರಗಿಯಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ 1934ರಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ರಾಜಕೀಯಕ್ಕೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಸಾಹಿತ್ಯದ ಚಪ್ಪರ, ವಾಚನಾಲಯ, ಖಾಸಗಿ ಶಾಲೆಗಳೇ ಜನ ಒಟ್ಟುಗೂಡುವ ತಾಣವಾದವು.

1947ರಲ್ಲಿ ಇಂಗ್ಲಿಷರು ಹೊರಟರು. ನೂರೈವತ್ತು ವರ್ಷ ಬೆನ್ನಿಗಿದ್ದ ಗೋಡೆ ಒಮ್ಮೆಲೇ ಇಲ್ಲವಾಯಿತು. ಅಂಥ ಗಳಿಗೆಯಲ್ಲಿ ಆಳುವವರಿಗೆ ಎರಡೇ ದಾರಿ: ಜನರ ಬಳಿ ಹೋಗುವುದು, ಇಲ್ಲವೇ ಬಂದೂಕಿನವರ ಬಳಿ ಹೋಗುವುದು. ಪೂರ್ವ ಜರ್ಮನಿಯಲ್ಲಿ 1989ರ ಅಕ್ಟೋಬರ್ 9ರಂದು ಲೈಪ್‌ಜಿಗ್‌ನ ಬೀದಿಗೆ ಸುಮಾರು 70,000 ಜನ ಇಳಿದಾಗ ಸೋವಿಯತ್ ದಂಡು ಬಿಡಾರ ಬಿಟ್ಟು ಕದಲಲಿಲ್ಲ. ಅಲ್ಲಿನ ಸರ್ಕಾರವೂ ಗುಂಡು ಹಾರಿಸಲಿಲ್ಲ, ತಿಂಗಳೊಪ್ಪತ್ತಿನಲ್ಲಿ ಬರ್ಲಿನ್ ಗೋಡೆ ತೆರೆಯಿತು. ಹೈದರಾಬಾದು ಎರಡನೆಯ ದಾರಿ ಹಿಡಿಯಿತು. 1947ರ ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾದರೂ ಅಧಿಕಾರ ಕಾಸಿಂ ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರ ಕೈಗೆ ಜಾರಿತು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಹತ್ಯಾಕಾಂಡ ನಡೆಯಿತು. ವಿಲೀನದ ಪರ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಆಗಸ್ಟ್‌ನಲ್ಲಿ ಕೊಂದರು. ರಜಾಕಾರರನ್ನು ಎದುರಿಸಿದವರಲ್ಲಿ ಮುಸ್ಲಿಮರೂ ಇದ್ದರು ಎಂಬುದಕ್ಕೆ ಅವರ ಹೆಸರೊಂದೇ ಸಾಕು.

ಲುಕಾಶೆಂಕೊಗೆ 2020ರಲ್ಲಿ ಬೆನ್ನಿನ ಬಲ ತಪ್ಪಲಿಲ್ಲ. ಚುನಾವಣೆಯ ಅಕ್ರಮದ ವಿರುದ್ಧ ಲಕ್ಷಗಟ್ಟಲೆ ಜನ ಮಿನ್ಸ್ಕ್ ಬೀದಿಗಳಲ್ಲಿ ನಿಂತಾಗ ಪುಟಿನ್ ಪೊಲೀಸ್ ಪಡೆ ಸಜ್ಜಾಗಿದೆ ಎಂದರು, ನೂರೈವತ್ತು ಕೋಟಿ ಡಾಲರ್ ಸಾಲವನ್ನೂ ಘೋಷಿಸಿದರು. ಅದರ ಋಣ 2022ರ ಫೆಬ್ರವರಿಯಲ್ಲಿ ತೀರಿತು: ರಷ್ಯದ ಸೇನೆ ಬೆಲಾರೂಸ್‌ನ ನೆಲದಿಂದಲೇ ಕೀವ್ ಕಡೆ ನುಗ್ಗಿತು.

ಕಮ್ಯುನಿಸ್ಟರು ಮುನ್ನಡೆಸಿದ ತೆಲಂಗಾಣದ ರೈತ ಹೋರಾಟವೂ ದೊಡ್ಡ ರಾಷ್ಟ್ರದ ಮಾತಿಗೆ ಕಿವಿಗೊಟ್ಟಿತ್ತು ಎಂಬುದನ್ನು ಮರೆಯುವಂತಿಲ್ಲ. 1951ರ ಆರಂಭದಲ್ಲಿ ಪಕ್ಷದ ನಾಯಕರಾದ ರಾಜೇಶ್ವರ ರಾವ್, ಬಸವಪುನ್ನಯ್ಯ, ಡಾಂಗೆ, ಅಜಯ್ ಘೋಷ್ ಗುಟ್ಟಾಗಿ ಮಾಸ್ಕೋಗೆ ಹೋಗಿ ಸ್ಟಾಲಿನ್‌ರನ್ನು ಕಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಶಸ್ತ್ರ ಹೋರಾಟ ನಿಂತಿತು.

ಪೊಲೀಸ್ ಕಾರ್ಯಾಚರಣೆಯ ಮರುದಿನಗಳ ಕಥೆಯನ್ನು ಈ ಸೀಮೆ ಇನ್ನೂ ಪೂರ್ತಿ ಹೇಳಿಕೊಂಡಿಲ್ಲ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ, ಕಲಬುರಗಿ ಎರಡೂ ಇವೆ. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ರಜಾಕಾರರ ಹಾವಳಿಯನ್ನು ನೆನೆಯುವವರು ಈ ಸಾವುಗಳನ್ನೂ ನೆನೆಯಬೇಕು.

ರಾಜ್ಯಗಳ ಪುನರ್ವಿಂಗಡಣೆಯಲ್ಲಿ, 1956ರ ನವೆಂಬರ್ 1ರಂದು, ಬೀದರ, ಕಲಬುರಗಿ ಜಿಲ್ಲೆಗಳು ಹರಿದು ಹಂಚಿಹೋದವು. ಬೀದರವನ್ನು ಹೈದರಾಬಾದಿನೊಂದಿಗೇ ಇಡಬೇಕೆಂದಿತ್ತು ಫಜಲ್ ಅಲಿ ಆಯೋಗ, ಸಂಸತ್ತು ಒಪ್ಪಲಿಲ್ಲ. ನಾರಾಯಣಖೇಡ ತಾಲೂಕು, ನಿರ್ಣಾ ಹೋಬಳಿ ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್, ಇತ್ತ ಕಲಬುರಗಿಯ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು. ಅನೇಕ ಕನ್ನಡ ಮನೆಗಳಿಗೆ ಇದು ಇಂದಿಗೂ ನೋವಿನ ಸಂಗತಿ. ಆದರೂ ಆ ಗೆರೆ ಎಳೆದದ್ದು ಚರ್ಚೆ, ಮಸೂದೆ, ಮತದಾನದ ಮೂಲಕ. ಗೆರೆಯ ಎರಡೂ ಕಡೆಯವರು ಒಂದೇ ದೇಶದ ಮತದಾರರು, ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರಿನವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಜಹೀರಾಬಾದ, ನಾರಾಯಣಖೇಡ, ತಾಂಡೂರಿನ ಕನ್ನಡ, ತೆಲುಗು, ಉರ್ದು ಅಧ್ಯಾಪಕರು ಕೂಡಿ ಅವರ ಮಾತನ್ನು ಧ್ವನಿಮುದ್ರಿಸಬೇಕು. ಗೌಡ, ಪಟವಾರಿ ಮನೆಗಳ ಸಂದೂಕಗಳಲ್ಲಿರುವ ಉರ್ದು ಕಾಗದಗಳನ್ನು ಓದಬಲ್ಲವರು ಇರುವಾಗಲೇ ಓದಿಸಿ ಅಚ್ಚು ಹಾಕಿಸಬೇಕು. ಈ ಕೆಲಸ ಮುಂದಿನ ಬೇಸಿಗೆಗೇ ಶುರುವಾಗಲಿ.