ಅಂಕಪಟ್ಟಿ ಇಲ್ಲದ ಮಕ್ಕಳಿಗೊಂದು ಜಾಗ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಯ ಭಾಷಣ ‘ಇಕ್ರಅ್’ ಎಂಬ ಪದದಿಂದ ಆರಂಭವಾಗುವುದು ವಾಡಿಕೆ. ಅದನ್ನು ನೀವು ಪ್ರತಿ ವರ್ಷ ಕೇಳಿದ್ದೀರಿ. ನಾನು ಇಂದು ನಮ್ಮ ವಿದ್ಯಾರ್ಥಿವೇತನದ ಅರ್ಜಿಯಿಂದ ಆರಂಭಿಸುತ್ತೇನೆ. ‘ಅಂಕಪಟ್ಟಿಯ ಪ್ರತಿ ಲಗತ್ತಿಸಿ’ ಎಂಬ ಸಾಲು ಅದರಲ್ಲಿದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಗ್ಯಾರೇಜು ಸೇರಿದ ಹುಡುಗ, ಒಂಬತ್ತನೇ ತರಗತಿಗೇ ಓದು ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿ ಏನನ್ನು ಲಗತ್ತಿಸಬೇಕು? ಪ್ರತಿಭಾ ಪುರಸ್ಕಾರದ ದಿನ ಅವರು ಈ ಸಭಾಂಗಣದ ಕಡೆ ಸುಳಿಯುವುದಿಲ್ಲ. ನಾವೂ ಹುಡುಕಿಕೊಂಡು ಹೋಗಿಲ್ಲ.

ಶಾಲೆ ಒಗ್ಗದ ಮಕ್ಕಳಿಗಾಗಿ ಬೇರೆ ಕಡೆ ನಡೆದ ಒಂದು ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರಕಾರಿ ಶಾಲೆಯ ಶಿಕ್ಷಕರಾಗಿದ್ದ ಕೆನ್ ಡ್ಯಾನ್‌ಫೋರ್ಡ್ ಮತ್ತು ಜೋಶುವಾ ಹಾರ್ನಿಕ್ 1996ರಲ್ಲಿ ಆ ಕೆಲಸ ಬಿಟ್ಟು ಹದಿಹರೆಯದವರಿಗಾಗಿ ಒಂದು ಕೇಂದ್ರ ತೆರೆದರು. ಮುಂದೆ ಅದು ನಾರ್ತ್ ಸ್ಟಾರ್ ಎಂದು ಹೆಸರಾಯಿತು. ಅದು ಶಾಲೆಯಲ್ಲ. ಹಾಜರಿ ಕಡ್ಡಾಯವಿಲ್ಲ, ಅಂಕಗಳಿಲ್ಲ, ಪ್ರಮಾಣಪತ್ರವೂ ಇಲ್ಲ. ಕಾನೂನಿನ ಲೆಕ್ಕದಲ್ಲಿ ಮಕ್ಕಳು ಮನೆಯಲ್ಲೇ ಕಲಿಯುವವರು. ಅದಕ್ಕೆ ಸ್ಥಳೀಯ ಶಿಕ್ಷಣಾಡಳಿತದ ಒಪ್ಪಿಗೆ ಬೇಕು, ಆ ಯೋಜನೆ ಬರೆಯಲು ಕೇಂದ್ರ ನೆರವಾಗುತ್ತದೆ. ಇಷ್ಟವಿದ್ದ ಪಾಠಕ್ಕೆ ಕೂರಬಹುದು, ಹೊರಗೆ ಕೆಲಸ ಕಲಿಯಬಹುದು, ಹತ್ತಿರದ ಸಮುದಾಯ ಕಾಲೇಜಿನ ತರಗತಿಗೂ ಹೋಗಬಹುದು. ಶುಲ್ಕ ಕೊಡಲಾಗದ ಕುಟುಂಬವನ್ನು ಹಿಂದಕ್ಕೆ ಕಳುಹಿಸಬಾರದೆಂಬುದು ಅವರ ನಿಯಮ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವಾವುವೂ ಅಲ್ಲ. ಅಲ್ಲಿ ಪ್ರತಿ ಮಗುವಿಗೂ ಒಬ್ಬ ಸಲಹೆಗಾರರಿರುತ್ತಾರೆ. ಅವರು ವಾರಕ್ಕೊಮ್ಮೆ ಆ ಮಗುವಿನೊಡನೆ ಪ್ರತ್ಯೇಕವಾಗಿ ಕುಳಿತು, ಈ ವಾರ ಏನು ಮಾಡಿದೆ, ಮುಂದೆ ಏನು ಬೇಕು ಎಂದು ಮಾತನಾಡುತ್ತಾರೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದನ್ನು ಕೇಳುವ ದೊಡ್ಡವರಿದ್ದಾರೆ?

ಆ ಕ್ರಮವನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 2010ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಇದೇ ಮಾದರಿಯ ಕೇಂದ್ರ ತೆರೆಯಿತು. 2013ರಲ್ಲಿ ಬೇರೆ ಊರಿನವರಿಗೆ ದಾರಿ ತೋರಲೆಂದೇ ‘ಲಿಬರೇಟೆಡ್ ಲರ್ನರ್ಸ್’ ಎಂಬ ಜಾಲ ಕಟ್ಟಿದರು. ಇದು ಶಾಖೆ ತೆರೆಯುವ ವ್ಯವಹಾರವಲ್ಲ. ಪ್ರತಿ ಕೇಂದ್ರಕ್ಕೂ ಅದರದೇ ಹೆಸರು, ಅದರದೇ ಆಡಳಿತ. ಹಂಚಿಕೊಳ್ಳುವುದು ತತ್ವ ಮತ್ತು ಅನುಭವ ಮಾತ್ರ.

ಹಾಗಾದರೆ ನಾವೂ ಹಾಗೆಯೇ ತೆಗೆದುಕೊಳ್ಳೋಣವೇ? ಇಲ್ಲಿ ನನಗೆ ಭಯವಿದೆ, ಮುಚ್ಚಿಡುವುದಿಲ್ಲ. ಡ್ಯಾನ್‌ಫೋರ್ಡ್ 2019ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಶಾಲೆ ಐಚ್ಛಿಕ ಎಂಬ ಮಾತಿದೆ. ಅಲ್ಲಿ ಆ ಆಯ್ಕೆ ಮಗುವಿನದು. ನಮ್ಮಲ್ಲಿ ಈ ಮಾತು ಹೇಳಿದರೆ, ಮಗಳನ್ನು ಶಾಲೆ ಬಿಡಿಸಲು ನೆಪ ಹುಡುಕುತ್ತಿರುವ ತಂದೆಯ ಕೈಗೆ ಅದೇ ಸಿಗುತ್ತದೆ. ಶಾಲೆಯಲ್ಲಿರುವ ಒಂದು ಮಗುವೂ ಇದರ ಹೆಸರಿನಲ್ಲಿ ಹೊರಬರಬಾರದು. ಈಗಾಗಲೇ ಹೊರಗಿರುವ ಮಕ್ಕಳಿಗೆ ಮಾತ್ರ ಈ ಕೇಂದ್ರ ಬೇಕು. ಹದಿನಾಲ್ಕು ತುಂಬದವರನ್ನು ಮರಳಿ ಶಾಲೆಗೇ ಸೇರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದೇ ಅವರಿಗಾಗಿ.

ಪ್ರಮಾಣಪತ್ರದ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರವಿದೆ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯೇ ಇಂದಿನ ಎನ್‌ಐಒಎಸ್. ಹದಿನಾಲ್ಕು ತುಂಬಿದವರು ಅದರಲ್ಲಿ ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು, ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಐದು ವಿಷಯಗಳನ್ನು ಐದು ವರ್ಷಗಳೊಳಗೆ ಒಂದೊಂದಾಗಿಯೂ ಮುಗಿಸಬಹುದು. ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲಿ ಓದು ಬಿಟ್ಟ ಗೆಳೆಯರಿಗೆ ಇದನ್ನು ಇಂದೇ ಹೇಳಿ.

ಆದರೆ ನೋಂದಣಿ ಮಾಡಿಸಿ ಪುಸ್ತಕ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಒಂಟಿಯಾಗಿ ಓದುವ ಮಗು ಅರ್ಧದಲ್ಲೇ ಕೈಬಿಡುತ್ತದೆ. ಮದ್ರಸದ ಕೊಠಡಿಗಳು ಬೆಳಗಿನ ತರಗತಿ ಮುಗಿದ ಮೇಲೆ ಖಾಲಿ ಇರುತ್ತವೆ. ಜಮಾಅತಿನವರು ಮನಸ್ಸು ಮಾಡಿದರೆ ಜಾಗಕ್ಕೆ ಕೊರತೆಯಿಲ್ಲ. ಬೇಕಾಗಿರುವುದು ವಾರಕ್ಕೆ ಒಂದು ಗಂಟೆ ಒಂದು ಮಗುವಿನ ಎದುರು ಕುಳಿತುಕೊಳ್ಳುವ ಮನುಷ್ಯರು. ನಿವೃತ್ತ ಶಿಕ್ಷಕರಿದ್ದೀರಿ, ಪದವಿ ಮುಗಿಸಿದ ಸಹೋದರಿಯರಿದ್ದೀರಿ. ಹೊರಗೆ ಹೋಗುವಾಗ ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ದಯವಿಟ್ಟು ನಿಮ್ಮ ಹೆಸರು ಬರೆಯಿರಿ, ಯಾವ ದಿನ ಬರಲು ಸಾಧ್ಯ ಎಂಬುದನ್ನೂ ಬರೆಯಿರಿ.