ಪೈಲಟ್‌ನ ಗಡಿಯಾರ ಯಾರ ಕೈಯಲ್ಲಿದೆ?

(ಅಂಕೋಲೆಯಲ್ಲಿ ಮಾಡಿದ ಭಾಷಣ)



ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆಗೆ ಹೊಂದಿಕೊಂಡು ನಾಗರಿಕ ವಿಮಾನ ನಿಲ್ದಾಣ ಮಾಡುವ ಯೋಜನೆಯ ಮಾತು ಬಂದಂದಿನಿಂದ ಕಾರವಾರ-ಅಂಕೋಲೆಯ ಕೆಲವು ಮನೆಗಳಲ್ಲಿ ಹೊಸ ಆಸೆಯೊಂದು ಹುಟ್ಟಿದೆ. ಮಗನೋ ಮಗಳೋ ಪೈಲಟ್ ಆಗಲಿ ಎಂಬುದೇ ಆ ಆಸೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಗಾರ ಎಷ್ಟು ಎಂದು ಕೇಳಿ ನಾವು ಸುಮ್ಮನಾಗುತ್ತೇವೆ. ದುಡಿಯುವವರು ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ಮಲಗಬೇಕು, ನಾಳೆಯ ದಿನ ಅವರದೋ ಧಣಿಯದೋ ಎಂದು ಕೇಳುವುದಿಲ್ಲ. ರಾತ್ರಿ ಪಾಳಿ ಮಾಡಿದವರಿಗೆ, ಹಬ್ಬದ ದಿನವೂ ಅಂಗಡಿಯ ಬಾಗಿಲು ತೆರೆದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಇಂದು ಅದನ್ನೇ ಕೇಳೋಣ.

ಪೈಲಟ್‌ಗೆ ಕೆಲಸ ಕೊಡುವವರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಟಿಕೆಟ್ ಮಾರಿ ವೇಳಾಪಟ್ಟಿಯಂತೆ ವಿಮಾನ ಓಡಿಸುವ ದೊಡ್ಡ ಕಂಪನಿ. ಇನ್ನೊಂದು, ಶ್ರೀಮಂತರು ಕರೆದಲ್ಲಿಗೆ ಹೋಗುವ ಖಾಸಗಿ ಜೆಟ್‌ಗಳ ಕಂಪನಿ. ಈ ಎರಡನೆಯದರಲ್ಲಿ ಪಾಲಿನ ಪದ್ಧತಿಯೊಂದು ಅಮೆರಿಕೆಯಲ್ಲಿ 1986ರಲ್ಲಿ ಶುರುವಾಯಿತು. ಅದನ್ನು ಶುರುಮಾಡಿದ ಕಂಪನಿಗೆ ಈಗ ನೆಟ್‌ಜೆಟ್ಸ್ ಎಂದು ಹೆಸರು. ಒಂದು ವಿಮಾನದ ಹದಿನಾರರಲ್ಲಿ ಒಂದು ಪಾಲು ಕೊಂಡವರಿಗೆ ವರ್ಷಕ್ಕೆ 50 ಗಂಟೆಗಳ ಹಾರಾಟ ಸಿಗುತ್ತದೆ. ನಮ್ಮ ಕರಾವಳಿಯ ರಂಪಣಿ ಬಲೆಯಲ್ಲೂ ಪಾಲಿನ ಲೆಕ್ಕವಿತ್ತು. ಅಲ್ಲಿ ಹಗ್ಗ ಎಳೆದವನಿಗೂ ಮೀನಿನಲ್ಲಿ ಪಾಲು ಇತ್ತು. ಇಲ್ಲಿ ಪಾಲು ಹಿಂದೆ ಕುಳಿತವರದು, ಮುಂದೆ ಕುಳಿತು ನಡೆಸುವವರಿಗೆ ಪಗಾರ ಮಾತ್ರ.

ಈ ಎರಡು ಕಡೆಯ ಬಾಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ದೊಡ್ಡ ಕಂಪನಿಯಲ್ಲಿ ಕೆಲಸದ ಪಟ್ಟಿ ಮೊದಲೇ ಕೈಗೆ ಬರುತ್ತದೆ. ಯಾವ ಊರು, ಎಷ್ಟು ಹೊತ್ತಿಗೆ ಎಂಬುದು ಹೆಚ್ಚುಕಡಿಮೆ ಗೊತ್ತಿರುತ್ತದೆ. ಸಾಮಾನು ಏರಿಸಲು, ಊಟ ತರಲು, ಕಸ ಗುಡಿಸಲು ಬೇರೆ ಜನರಿರುತ್ತಾರೆ. ಆದರೆ ಅಲ್ಲಿ ಹಿರಿತನವೇ ದೊಡ್ಡ ಧಣಿ. ಅಮೆರಿಕೆಯಲ್ಲಿ ಒಳ್ಳೆಯ ದಾರಿ, ಹಬ್ಬದ ರಜೆ, ಎಲ್ಲವೂ ಹಿರಿಯರಿಗೆ ಮೊದಲು. ಕಂಪನಿ ಬದಲಿಸಿದವರು ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ನಮ್ಮ ದೇಶದಲ್ಲಿ 2017ರ ನಿಯಮದಂತೆ ಕಂಪನಿ ಬಿಡುವ ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟೀಸು ಕೊಡಬೇಕಾಯಿತು. ಮಿಲ್ಲಿನ ಕಾರ್ಮಿಕನನ್ನು ಹೀಗೆ ಒಂದು ವರ್ಷ ಕಟ್ಟಿಹಾಕಿದರೆ ಏನಾಗುತ್ತಿತ್ತು, ಯೋಚಿಸಿರಿ.

ಪಾಲಿನ ಜೆಟ್‌ನಲ್ಲಿ ಲೆಕ್ಕ ತಿರುಗುಮುರುಗು. ಅಮೆರಿಕೆಯಲ್ಲಿ 7 ದಿನ ಕೆಲಸ, 7 ದಿನ ಮನೆ ಎಂಬ ಕ್ರಮ ರೂಢಿಯಲ್ಲಿದೆ. ಪೈಲಟ್ ತನ್ನ ಊರಿನಲ್ಲೇ ಇದ್ದರೂ ಹತ್ತಿರದ ನಿಲ್ದಾಣದಿಂದ ಕಂಪನಿಯೇ ಕರೆಸಿಕೊಳ್ಳುತ್ತದೆ. ಆ ಏಳು ರಜೆಯ ದಿನಗಳು ಗಟ್ಟಿ. ಆದರೆ ಕೆಲಸದ ಏಳು ದಿನ ಇಂದು ಯಾವ ಊರಿನಲ್ಲಿ ಮಲಗುತ್ತೇವೆ ಎಂಬುದೇ ತಿಳಿಯದು. ಪಾಲುದಾರ ಕೆಲವೇ ಗಂಟೆ ಮೊದಲು ಹೇಳಿಕಳಿಸಿದರೂ ಹೊರಡಬೇಕು. ಚೀಲ ಏರಿಸುವುದು, ಊಟ ಬಂತೇ ನೋಡುವುದು, ಆಸನ ಒರೆಸುವುದು, ಎಲ್ಲವೂ ಪೈಲಟ್‌ನ ಪಾಲಿಗೆ.

ನಮ್ಮ ದೇಶದಲ್ಲಿ ಈ ಪದ್ಧತಿ ಇನ್ನೂ ಎಳೆಯದು. ಬಾಡಿಗೆ ಜೆಟ್‌ಗಳ ಸಣ್ಣ ಕಂಪನಿಗಳೇ ಹೆಚ್ಚು. ಎರಡು ಮೂರು ವಿಮಾನಗಳ ಕಂಪನಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ರಜೆ ಹೋಯಿತೆಂದೇ ತಿಳಿಯಬೇಕು. ಒಬ್ಬನೇ ಆಳಿರುವ ಅಂಗಡಿಯ ಪಾಡೂ ಅದೇ ಅಲ್ಲವೇ?

ಹಾಗಾದರೆ ದೊಡ್ಡ ಕಂಪನಿಯೇ ಸುರಕ್ಷಿತವೇ? ಬೆಂಗಳೂರಿನ ಕಿಂಗ್‌ಫಿಶರ್ ಕಂಪನಿ ಎಲ್ಲರ ಕಣ್ಣಿಗೂ ದೊಡ್ಡದಾಗಿತ್ತು. ತಿಂಗಳುಗಟ್ಟಲೆ ಪಗಾರವಿಲ್ಲದೆ ನೌಕರರು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರದಲ್ಲಿ ವಿಮಾನಗಳೂ ನಿಂತವು.

ಇನ್ನು ವಿಶ್ರಾಂತಿಯ ಮಾತು. ಅಮೆರಿಕೆಯಲ್ಲಿ 2009ರ ಫೆಬ್ರವರಿಯಲ್ಲಿ ಬಫಲೋ ಊರಿನ ಬಳಿ ವಿಮಾನವೊಂದು ಬಿದ್ದು 50 ಜನ ಸತ್ತರು. ಅದರ ಸಹಪೈಲಟ್ ಕೆಲಸಕ್ಕೆಂದು ದೇಶದ ಪಶ್ಚಿಮ ತುದಿಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದರು. ಆಮೇಲೆ ಬಂದ 2014ರ ಬಿಗಿಯಾದ ವಿಶ್ರಾಂತಿ ನಿಯಮ ದೊಡ್ಡ ಕಂಪನಿಗಳ ಪ್ರಯಾಣಿಕ ವಿಮಾನಗಳಿಗೆ ಅನ್ವಯಿಸಿತು. ಪಾಲಿನ ಜೆಟ್‌ಗಳಿಗೆ ಬೇರೆಯೇ ನಿಯಮ ಉಳಿಯಿತು. ದಣಿವಿಗೆ ಮಾತ್ರ ಈ ಭೇದ ಗೊತ್ತಿಲ್ಲ.

ನಮ್ಮಲ್ಲಿ 2024ರ ಜನವರಿಯಲ್ಲಿ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮ ಬರೆಯಲಾಯಿತು. ಕಂಪನಿಗಳು ಎಳೆದಾಡಿದವು, ಪೈಲಟ್‌ಗಳ ಸಂಘಗಳು ದಿಲ್ಲಿ ಹೈಕೋರ್ಟಿಗೆ ಹೋದವು, 2025ರ ಜುಲೈ ಮತ್ತು ನವೆಂಬರದಲ್ಲಿ ಎರಡು ಕಂತಾಗಿ ಅದು ಜಾರಿಗೆ ಬಂತು. ಡಿಸೆಂಬರದಲ್ಲಿ ಇಂಡಿಗೊ ಕಂಪನಿಯ ಸಾವಿರಾರು ಹಾರಾಟಗಳು ರದ್ದಾದವು. ಸರ್ಕಾರ ಆ ಕಂಪನಿಗೆ ನಿಯಮವನ್ನು ಕೆಲಕಾಲ ಸಡಿಲಿಸಿತು. ಸಾಕಷ್ಟು ಜನರನ್ನು ನೇಮಿಸದ ಧಣಿಗೆ ವಿನಾಯಿತಿ ಸಿಕ್ಕಿತು, ನಿದ್ದೆ ಬಿಟ್ಟವರಿಗೆ ಏನು ಸಿಕ್ಕಿತು?

ಅಂಕೋಲೆಯ ದಿನಕರ ದೇಸಾಯಿಯವರನ್ನು ಚುಟುಕುಗಳಿಂದ ನೆನೆಯುತ್ತೇವೆ. ಅವರು ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ನಡುವೆ ದುಡಿದವರು. 1940ರಲ್ಲಿ ಆ ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದವರು. ಹಡಗಿನವರ ವಿಷಯದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳೇ ವಿಮಾನದವರಿಗೂ ಬೇಕು. ಟೊಪ್ಪಿಗೆ ಬಿಳಿಯಾದ ಮಾತ್ರಕ್ಕೆ ದುಡಿಮೆಯ ಜಾತಿ ಬದಲಾಗುವುದಿಲ್ಲ. ನೆಟ್‌ಜೆಟ್ಸ್‌ನ ಪೈಲಟ್‌ಗಳೂ ತಮ್ಮದೇ ಸಂಘ ಕಟ್ಟಿಕೊಂಡು, ಕೆಲಸದ ದಿನಗಳ ಲೆಕ್ಕವನ್ನು ಕರಾರಿನಲ್ಲಿ ಬರೆಸಿಕೊಂಡಿದ್ದಾರೆ.

ಪೈಲಟ್ ತರಬೇತಿಗೆ ಹಲವಾರು ಲಕ್ಷ ರೂಪಾಯಿ ಬೇಕು. ಜಮೀನು ಅಡವಿಟ್ಟು ಕಲಿತವರು “ಇಂದು ನನಗೆ ದಣಿವಾಗಿದೆ, ಹಾರಲಾರೆ” ಎಂದು ಹೇಳುವುದು ಸುಲಭವಲ್ಲ. ಅದಕ್ಕೇ ಹಣ ಕಟ್ಟುವ ಮೊದಲು ಮೂರು ಮಾತು ಕೇಳಿರಿ: ರಜೆಯ ದಿನ ಕಾಗದದ ಮೇಲೆ ಇದೆಯೇ? ಒಬ್ಬರು ಬೀಳಾದರೆ ಬದಲಿ ಯಾರು? ಹಾರಲಾರೆ ಎಂದವರ ಬೆನ್ನಿಗೆ ನಿಲ್ಲುವವರು ಇದ್ದಾರೆಯೇ? ಉತ್ತರ ಸರಿಯಿದ್ದರೆ ದೊಡ್ಡ ಕಂಪನಿಯೂ ಆದೀತು, ಸಣ್ಣ ಜೆಟ್ಟೂ ಆದೀತು.

ನಮ್ಮ ಮಕ್ಕಳು ಹಾರಲಿ. ನಿದ್ದೆ ಮಾಡಿ ಎದ್ದು ಹಾರಲಿ.