ಅಕ್ಕನ ಗಣಿತದ ತರಗತಿಗೆ ಕಂಪ್ಯೂಟರ್ ಬಂದ ಮೇಲೆ
(ವಾರ್ಷಿಕ ನಿಧಿಸಂಗ್ರಹದ ಸಂಜೆ ಮಾಡಿದ ಭಾಷಣದ ಬರಹರೂಪ)



ಪಕ್ಕದ ಹಾಲಿನಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿರುವಾಗ ಭಾಷಣ ಮಾಡುವುದು ಧೈರ್ಯದ ಕೆಲಸ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಊರಿನ ಶಾಲೆಗೆ ಏನಾದರೂ ಕೊಡೋಣ ಎಂದಾಗ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಮೊದಲು ಹೊಳೆಯುವುದು ಕಂಪ್ಯೂಟರ್. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆಯೇ ಲ್ಯಾಪ್‌ಟಾಪ್ ಕೊಟ್ಟು ಕಳಿಸುತ್ತದೆ, ಅಲ್ಲಿಯ ಮಕ್ಕಳಿಗೂ ಸಿಗಲಿ ಎಂಬ ಆಸೆ ಸಹಜ. ಈ ವರ್ಷದ ನಿಧಿಯನ್ನು ಪೂರ್ತಿ ಯಂತ್ರಗಳಿಗೇ ಹಾಕಬೇಕೇ ಎಂಬುದನ್ನು ನಮ್ಮ ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಅದಕ್ಕೆ ಮುಂಚೆ ನನ್ನ ದೊಡ್ಡಮ್ಮನ ಮಗಳ ವಿಷಯ ನಿಮಗೆ ಹೇಳಬೇಕು. ಅಕ್ಕ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ.

ಆ ಶಾಲೆಗೆ ಕಂಪ್ಯೂಟರ್ ಕೋಣೆ ಬಂದದ್ದು 2008ರಲ್ಲಿ, ಸರ್ಕಾರದ ಯೋಜನೆಯಿಂದ. ಗುತ್ತಿಗೆ ಪಡೆದ ಕಂಪನಿಯೇ ಯಂತ್ರಗಳನ್ನು ತಂದಿಟ್ಟು, ಕಲಿಸಲು ತನ್ನದೇ ಒಬ್ಬ ಹುಡುಗನನ್ನು ನೇಮಿಸಿ, ಐದು ವರ್ಷದ ಬಳಿಕ ಎಲ್ಲವನ್ನೂ ಶಾಲೆಗೆ ಬಿಟ್ಟುಕೊಡುವ ಏರ್ಪಾಡು. ಮೇಷ್ಟ್ರುಗಳಿಗೆ ಆ ಕೋಣೆ ನೆಂಟರ ಮನೆಯ ಹಾಗೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಏನನ್ನೂ ಮುಟ್ಟಬಾರದು. ಆಗ ಅಕ್ಕನ ಗುರಿ ಒಂದೇ: ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ತಾನೇ ಟೈಪ್ ಮಾಡುವುದು. ನುಡಿ ತಂತ್ರಾಂಶ ಕಲಿತಳು. ಮನೆಯಲ್ಲಿ ಟೈಪ್ ಮಾಡಿದ್ದು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ. ಯೂನಿಕೋಡಿಗೆ ಬದಲಾಯಿಸಿದ ಮೇಲೆ ಆ ಗೋಳು ತಪ್ಪಿತು.

ಆಮೇಲೆ ಪ್ರೊಜೆಕ್ಟರ್ ಬಂತು. ಪಾಠವನ್ನೆಲ್ಲ ಸ್ಲೈಡ್ ಮಾಡಿ ತೋರಿಸುವ ಹುಮ್ಮಸ್ಸು. ಒಂದು ವರ್ಷ ಹಾಗೇ ನಡೆಸಿದಳು. "ಮಕ್ಕಳು ಸದ್ದಿಲ್ಲದೆ ಕೂತಿರ್ತಾರೆ ಕಣೋ, ಸಿನಿಮಾ ನೋಡಿದ ಹಾಗೆ. ಬೋರ್ಡಿಗೆ ಕರೆದ್ರೆ ಒಬ್ಬರಿಗೂ ಒಂದು ಲಂಬ ಎಳೆಯೋಕೆ ಬರಲ್ಲ" ಎಂದು ಫೋನಿನಲ್ಲಿ ಹೇಳಿದ್ದಳು.

ಮುಂದಿನ ದಾರಿ ಸಿಕ್ಕಿದ್ದು 'ವಿಷಯ ಶಿಕ್ಷಕರ ವೇದಿಕೆ'ಯಿಂದ. 2010ರ ದಶಕದ ಆರಂಭದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ಕಟ್ಟಿದ ಬಳಗ ಅದು. ಉಬುಂಟು, ಜಿಯೋಜೀಬ್ರಾ ಮುಂತಾದ ಮುಕ್ತ ತಂತ್ರಾಂಶಗಳನ್ನು ಶಿಕ್ಷಕರೇ ಕಲಿತು, ಇ-ಮೇಲ್‌ನಲ್ಲಿ ಒಬ್ಬರಿಗೊಬ್ಬರು ಪಾಠ ಹಂಚಿಕೊಳ್ಳುತ್ತಿದ್ದರು. ಜಿಯೋಜೀಬ್ರಾ ಎಂದರೆ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬುವರು ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರು ಮಾಡಿದ್ದು. (ನನ್ನ ಮಾಸ್ಟರ್ಸ್ ಪ್ರಬಂಧ ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತಿದೆಯೋ!)

ತೆರೆಯ ಮೇಲೆ ತ್ರಿಭುಜದ ಒಂದು ಶೃಂಗ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿ. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನಂದು 181 ಬರ್ತಿದೆ" ಎಂದಳು. ನೋಡಿದರೆ ನಿಜ: 46, 68, 67. ದಶಮಾಂಶ ಕಾಣಿಸದ ಹಾಗೆ ಇಟ್ಟಿದ್ದರಿಂದ 45.6, 67.7, 66.7 ಮೂರೂ ಮೇಲಿನ ಪೂರ್ಣಾಂಕಕ್ಕೆ ಏರಿದ್ದವು. ಅಕ್ಕ ಉತ್ತರ ಹೇಳಲಿಲ್ಲ. "ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದು ಕೇಳಿ ಸುಮ್ಮನಾದಳು. ಅರ್ಧ ಗಂಟೆ ಗದ್ದಲ. ಕೊನೆಗೆ ಅವಳೇ ಹುಡುಗಿ ದಶಮಾಂಶ ತೋರಿಸುವಂತೆ ಬದಲಾಯಿಸಿದಳು. ಆದರೂ ಹಿಂದಿನ ಬೆಂಚಿನವನೊಬ್ಬನಿಗೆ ಸಮಾಧಾನವಿಲ್ಲ: ಇನ್ನೂ ಮುಂದಿನ ದಶಮಾಂಶದಲ್ಲಿ ತಪ್ಪಿದರೆ? ಆಗ ಸಮಾಂತರ ರೇಖೆ ಎಳೆದು ಮಾಡುವ ಹಳೆಯ ಸಾಧನೆ ಬೋರ್ಡಿನ ಮೇಲೆ ಬಂತು. ಆ ಸಾಧನೆ ಯಾಕೆ ಬೇಕೆಂದು ಆ ದಿನ ಯಾರೂ ಕೇಳಲಿಲ್ಲವಂತೆ. ಅಲ್ಲಿಂದೀಚೆಗೆ ಮೌಸ್ ಮಕ್ಕಳ ಕೈಗೆ ಹೋಯಿತು.

2020ರಲ್ಲಿ ಶಾಲೆ ಮುಚ್ಚಿದಾಗ ಗುರಿ ಮತ್ತೆ ಬದಲು. ದೂರದರ್ಶನ ಚಂದನದಲ್ಲಿ ಪಾಠಗಳು ಬರುತ್ತಿದ್ದವು, ನಿಜ. ಅಕ್ಕನಿಗೆ ಮಾತ್ರ ಯಾರ ಮನೆಯಲ್ಲಿ ಫೋನಿದೆ, ಯಾರ ಮನೆಯಲ್ಲಿ ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ ಎಂಬ ಪಟ್ಟಿಯೇ ಮುಖ್ಯ. 'ವಿದ್ಯಾಗಮ' ಆರಂಭವಾದಾಗ ಅವಳು ದೇವಸ್ಥಾನದ ಜಗಲಿಯಲ್ಲಿ ಸೀಮೆಸುಣ್ಣ ಹಿಡಿದು ಕೂತಳು.

ಈಗ ವರ್ಷಕ್ಕೆ ಮೂರ್ನಾಲ್ಕು ಅಧ್ಯಾಯಕ್ಕಷ್ಟೇ ಕಂಪ್ಯೂಟರ್ ಕೋಣೆ ತೆರೆಯುತ್ತಾಳೆ. ಉಳಿದದ್ದಕ್ಕೆ ಬೋರ್ಡೇ ಸಾಕಂತೆ. ಇಪ್ಪತ್ತು ವರ್ಷ ಕೋಡ್ ಬರೆದ ನನಗೆ ಮೊದಲು ಇದು ಹಿಂದೆ ಸರಿದ ಹಾಗೆ ಕಂಡಿತ್ತು. ಈಗ ಇದೇ ಅನುಭವ ಎನ್ನಿಸುತ್ತದೆ.

ನಿಮ್ಮ ಶಾಲೆಗೆ ಏನು ಬೇಕು ಎಂದು ಕಳೆದ ತಿಂಗಳು ಕೇಳಿದೆ. "ಇನ್ನೂ ಹತ್ತು ಯಂತ್ರ ಬೇಡ ಕಣೋ. ಯುಪಿಎಸ್ ಬ್ಯಾಟರಿ ಕೆಟ್ಟು ಎರಡು ವರ್ಷ ಆಯ್ತು. ಆಮೇಲೆ, ತಾಲ್ಲೂಕಿನ ಗಣಿತದವರೆಲ್ಲ ತಿಂಗಳಿಗೊಂದು ಶನಿವಾರ ಸೇರೋಕೆ ಬಸ್ ಚಾರ್ಜು, ಒಂದೂಟ ಕೊಡ್ತೀರಾ?" ಎಂದಳು.

ಬ್ಯಾಟರಿಯ ಫೋಟೋ ನಮ್ಮ ಸ್ಮರಣ ಸಂಚಿಕೆಯಲ್ಲಿ ಅಷ್ಟೇನೂ ಚೆನ್ನಾಗಿ ಕಾಣಲಿಕ್ಕಿಲ್ಲ. ಆದರೂ ನಿಧಿಯ ಅರ್ಧವನ್ನಾದರೂ ಇಂಥದ್ದಕ್ಕೆ ಇಡಬೇಕೆಂಬುದು ನನ್ನ ವಾದ. ಊಟದ ಹಾಲಿನ ಬಾಗಿಲ ಬಳಿ ಖಜಾಂಚಿಯವರು ಎರಡು ಹಾಳೆ ಇಟ್ಟಿದ್ದಾರೆ, ಒಂದು ಯಂತ್ರಗಳಿಗೆ, ಇನ್ನೊಂದು ಶಿಕ್ಷಕರ ಶನಿವಾರಗಳಿಗೆ ಮತ್ತು ರಿಪೇರಿಗೆ. ಚೆಕ್ ಬರೆಯುವವರು ಯಾವುದಕ್ಕೆ ಎಂದು ದಯವಿಟ್ಟು ನಮೂದಿಸಿ.